ರೇಟು ಪೇಟೆ ಹೇಳಲಿ, ಶುಚಿ ಕಾನೂನು ಹೇಳಲಿ

ಹೋಟೆಲಿನ ಅಡುಗೆಮನೆ ಶುಚಿಯಾಗಿದೆಯೋ ಇಲ್ಲವೋ ಎಂದು ನೋಡಬೇಕಾದವರು ಯಾರು? ಸರಕಾರವೋ, ಗಿರಾಕಿಯೋ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹೋಟೆಲು, ಬೇಕರಿ, ಕಬಾಬ್ ಗಾಡಿ ಇಟ್ಟುಕೊಂಡಿರುವ ನಮ್ಮವರ ನಡುವೆ ಈ ಪ್ರಶ್ನೆ ಆಗಾಗ ಏಳುತ್ತದೆ. ಅಧಿಕಾರಿ ಬಂದು ಹೋದ ದಿನ ಸ್ವಲ್ಪ ಜೋರಾಗಿಯೇ ಏಳುತ್ತದೆ. ‘ನಮ್ಮ ಹೋಟೆಲು ಸರಿಯಿಲ್ಲದಿದ್ದರೆ ಜನ ಬರೋದೇ ನಿಲ್ಲಿಸ್ತಾರೆ, ನಡುವೆ ಇವರದ್ದೇನು?’ ಅನ್ನುವುದು ಗಲ್ಲಾದಲ್ಲಿ ಕೂತವರ ಮಾತು. ‘ಸರಕಾರ ಕಣ್ಣು ಮುಚ್ಚಿಕೊಂಡರೆ ಇವರು ಏನು ಬೇಕಾದರೂ ತಿನ್ನಿಸ್ತಾರೆ’ ಅನ್ನುವುದು ಹೊಟ್ಟೆ ಕೆಟ್ಟು ಡ್ರಿಪ್ ಹಾಕಿಸಿಕೊಂಡು ಮಲಗಿದವರ ಮಾತು. ಗಲ್ಲಾದಲ್ಲೂ ನಮ್ಮವರೇ ಇದ್ದಾರೆ, ಆಸ್ಪತ್ರೆಯ ಮಂಚದ ಮೇಲೂ ನಮ್ಮವರೇ ಇದ್ದಾರೆ. ಆದ್ದರಿಂದ ಈ ವಾರ ಇದನ್ನೇ ಸ್ವಲ್ಪ ವಿವರವಾಗಿ ಮಾತಾಡೋಣ ಎಂದುಕೊಂಡಿದ್ದೇವೆ.

ಮದ್ರಸದಲ್ಲಿ ಮಕ್ಕಳಿಗೆ ಫಿಕ್‌ಹ್ ಕಲಿಸುವಾಗ ಮೊದಲ ಪಾಠ ಶುದ್ಧಿಯದ್ದು. ಯಾವ ನೀರು ಶುದ್ಧ, ಯಾವುದು ಅಲ್ಲ ಎಂದು ತಿಳಿದ ಮೇಲೆಯೇ ನಮಾಝಿನ ಪಾಠ. ಆಹಾರದ ವಿಷಯಕ್ಕೆ ಬಂದಾಗಲೂ ಕುರ್‌ಆನ್ ‘ಹಲಾಲ್’ ಎಂಬ ಪದದ ಪಕ್ಕದಲ್ಲಿ ‘ತಯ್ಯಿಬ್’ ಎಂಬ ಇನ್ನೊಂದು ಪದವನ್ನು ಇಟ್ಟಿದೆ. ತಯ್ಯಿಬ್ ಎಂದರೆ ಒಳ್ಳೆಯದು, ಶುಚಿಯಾದದ್ದು, ದೇಹಕ್ಕೆ ಹಿತವಾದದ್ದು. ಬಾಗಿಲಿಗೆ ಹಲಾಲ್ ಬೋರ್ಡ್ ಹಾಕಿದ ಕೂಡಲೇ ಜವಾಬ್ದಾರಿ ಮುಗಿಯಿತು ಅಂದುಕೊಂಡವರು ಈ ಎರಡನೇ ಪದವನ್ನು ಮರೆತಿರುತ್ತಾರೆ. ಹಲಾಲ್ ಮಾಂಸವೇ ಆದರೂ ನಿನ್ನೆಯದನ್ನು ಇವತ್ತು ಮಸಾಲೆ ಹಾಕಿ ಕೊಟ್ಟರೆ ಅದು ತಯ್ಯಿಬ್ ಹೇಗಾದೀತು?

ಸರಕಾರವೋ ಪೇಟೆಯೋ ಎಂಬ ಪ್ರಶ್ನೆ ಹೊಸದೇನಲ್ಲ. ಮದೀನಾದಲ್ಲಿ ಒಮ್ಮೆ ಧಾನ್ಯದ ಬೆಲೆ ಏರಿದಾಗ ಜನ ಪ್ರವಾದಿಯವರ (ಸ) ಬಳಿಗೆ ಬಂದು, ದರ ನಿಗದಿ ಮಾಡಿಕೊಡಿ ಎಂದು ಕೇಳಿಕೊಂಡರು. ಅವರು ಒಪ್ಪಲಿಲ್ಲ. ಬಲವಂತವಾಗಿ ದರ ಇಳಿಸಿದರೆ ವ್ಯಾಪಾರಿಗೆ ಅನ್ಯಾಯವಾದೀತು ಎಂಬುದು ಅವರ ಕಾಳಜಿಯಾಗಿತ್ತು. ಅದೇ ಪ್ರವಾದಿಯವರು ಇನ್ನೊಂದು ದಿನ ಪೇಟೆಯಲ್ಲಿ ನಡೆಯುತ್ತಾ ಒಬ್ಬನ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ರಾಶಿ ಒಳಗೆ ಒದ್ದೆಯಾಗಿತ್ತು. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿದರು, ಮೋಸ ಮಾಡುವವನು ನಮ್ಮವನಲ್ಲ ಎಂಬರ್ಥದ ಎಚ್ಚರಿಕೆ ಕೊಟ್ಟರು. ಎರಡೂ ಹದೀಸ್ ಗ್ರಂಥಗಳಲ್ಲಿ ದಾಖಲಾಗಿರುವ ಪ್ರಸಂಗಗಳು.

ಈ ಎರಡನ್ನು ಒಟ್ಟಿಗೆ ಇಟ್ಟು ನೋಡಿ. ದರವನ್ನು ಪೇಟೆಗೆ ಬಿಟ್ಟರು, ರಾಶಿಯೊಳಗೆ ಮಾತ್ರ ತಾವೇ ಕೈ ಹಾಕಿದರು. ಯಾಕೆಂದರೆ ದರ ಎಲ್ಲರಿಗೂ ಕಾಣುತ್ತದೆ. ಜಾಸ್ತಿ ಅನ್ನಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ರಾಶಿಯ ಒಳಗಿನ ಒದ್ದೆ ಕಾಣುವುದಿಲ್ಲ. ಕಾಣದ್ದನ್ನು ಗಿರಾಕಿ ಹೇಗೆ ಬೇಡ ಅಂದಾನು? ನಮ್ಮ ಇಡೀ ವಾದ ಇಷ್ಟೇ. ಹೋಟೆಲಿನಲ್ಲಿ ಕಾಣುವುದು ಪೇಟೆಗೆ ಸೇರಿದ್ದು, ಕಾಣದಿರುವುದು ಕಾನೂನಿಗೆ ಸೇರಿದ್ದು. ಬಿರಿಯಾನಿಗೆ 120 ರೂಪಾಯಿಯೋ 180 ರೂಪಾಯಿಯೋ, ಅದು ಹೋಟೆಲಿನವರಿಗೂ ತಿನ್ನುವವರಿಗೂ ಬಿಟ್ಟದ್ದು. ಆ ಬಿರಿಯಾನಿಯ ಕೋಳಿಯನ್ನು ಎಲ್ಲಿ ಇಟ್ಟಿದ್ದರು, ಯಾವ ನೀರಲ್ಲಿ ತೊಳೆದರು, ಎಷ್ಟನೇ ಸಲ ಕಾಯಿಸಿದ ಎಣ್ಣೆ ಎಂಬುದನ್ನು ಯಾರಾದರೂ ಒಳಗೆ ಹೋಗಿ ನೋಡಲೇಬೇಕು.

ಮುಸ್ಲಿಂ ನಗರಗಳಲ್ಲಿ ಈ ಕೆಲಸಕ್ಕೆ ಮುಹ್ತಸಿಬ್ ಎಂಬ ಅಧಿಕಾರಿಯೇ ಇರುತ್ತಿದ್ದ. ಆ ಇಲಾಖೆಯ ಹೆಸರು ಹಿಸ್ಬಾ. 12ನೇ ಶತಮಾನದಲ್ಲಿ ಸಿರಿಯಾದ ಶೈಝರಿ ಎಂಬವರು ಮುಹ್ತಸಿಬ್‌ಗಳಿಗಾಗಿ ಒಂದು ಕೈಪಿಡಿಯನ್ನೇ ಬರೆದರು. ರೊಟ್ಟಿ ಸುಡುವವರು, ಕಸಾಯಿಗಳು, ಅಡುಗೆಯವರು, ಹೀಗೆ ಒಂದೊಂದು ಕಸುಬಿಗೂ ಬೇರೆ ಬೇರೆ ಅಧ್ಯಾಯ. ಯಾರು ಎಲ್ಲಿ ಮೋಸ ಮಾಡಬಹುದು, ಏನನ್ನು ಪರೀಕ್ಷಿಸಬೇಕು ಎಂಬ ವಿವರ. ಆದ್ದರಿಂದ ಅಡುಗೆಮನೆಗೆ ಇನ್‌ಸ್ಪೆಕ್ಟರ್ ಬರುವುದು ನಮ್ಮ ಪರಂಪರೆಗೆ ಹೊರಗಿನದು ಎಂದು ಯಾರೂ ಹೇಳುವಂತಿಲ್ಲ.

ಹಾಗೆಂದು ಪೇಟೆಯ ಪರವಾಗಿ ಮಾತಾಡುವವರ ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅದರಲ್ಲಿ ತಿರುಳಿದೆ. ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಬಸ್‌ ಸ್ಟ್ಯಾಂಡ್ ಹತ್ತಿರ ಒಂದು ಚಿಕ್ಕ ಹೋಟೆಲು ಇದೆ ಎನ್ನಿ. ಬೆಳಿಗ್ಗೆ ಬರುವವರು ಅದೇ ಅಡಿಕೆ ವ್ಯಾಪಾರಿಗಳು, ಅದೇ ಆಟೋದವರು, ಅದೇ ಮೇಷ್ಟ್ರುಗಳು. ಒಬ್ಬರಿಗೆ ಹೊಟ್ಟೆ ಕೆಟ್ಟರೆ ಮರುದಿನ ಊರಿಗೆಲ್ಲ ಗೊತ್ತು. ಅಂಥ ಕಡೆ ಮಾಲೀಕನ ಮರ್ಯಾದೆಯೇ ಅರ್ಧ ಇನ್‌ಸ್ಪೆಕ್ಟರ್. ಕಾನೂನಿನ ಪುಸ್ತಕ ಓದದೆಯೇ ತಟ್ಟೆ ಬಿಸಿನೀರಲ್ಲಿ ತೊಳೆಸುವ, ಉಳಿದದ್ದನ್ನು ರಾತ್ರಿಯೇ ಹೊರಗೆ ಹಾಕುವ ಎಷ್ಟೋ ಹೋಟೆಲಿನವರು ಈ ಊರುಗಳಲ್ಲಿ ಇದ್ದಾರೆ. ಅವರ ಶುಚಿಗೆ ಕಾರಣ ಅಧಿಕಾರಿಯ ಭಯವಲ್ಲ, ಗಿರಾಕಿಯ ಮುಖ ಮತ್ತು ಮೇಲಿರುವವನ ಭಯ.

ಆದರೆ ಹಿರಿಯೂರಿಗೆ ಬನ್ನಿ. ಬೆಂಗಳೂರಿನಿಂದ ಪುಣೆ ಕಡೆಗೆ ಹೋಗುವ ಎನ್‌ಎಚ್ 48 ಹಿರಿಯೂರು, ಚಿತ್ರದುರ್ಗಗಳನ್ನು ಹಾದು ಹೋಗುತ್ತದೆ. ಮಂಗಳೂರಿನಿಂದ ಘಟ್ಟ ಹತ್ತಿ ಶಿವಮೊಗ್ಗ, ಹೊಳಲ್ಕೆರೆ ದಾಟಿ ಬರುವ ಹಳೆಯ ಎನ್‌ಎಚ್ 13 ಚಿತ್ರದುರ್ಗದಲ್ಲೇ ಸೇರಿಕೊಂಡು ಹೊಸಪೇಟೆ ಕಡೆ ಸಾಗುತ್ತಿತ್ತು. ಹೆದ್ದಾರಿಯ ಹೋಟೆಲಿಗೆ ಬರುವ ಗಿರಾಕಿ ಒಮ್ಮೆ ಬಂದವನು ಮತ್ತೆ ಬರಬೇಕೆಂದೇನಿಲ್ಲ. ಹೋಟೆಲನ್ನು ಆರಿಸಿದವನೂ ಅವನಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿ ಊಟ. ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವವರಿಗೆ ಒಳಗೆ ಪ್ರತ್ಯೇಕ ಮೇಜು, ಬಿಟ್ಟಿ ಊಟ. ದುಡ್ಡು ಕೊಡುವವನಿಗೆ ಆಯ್ಕೆ ಇಲ್ಲ, ಆಯ್ಕೆ ಮಾಡುವವನಿಗೆ ದುಡ್ಡು ಕೊಡುವ ಪ್ರಮೇಯವಿಲ್ಲ. ಇದನ್ನು ಮುಕ್ತ ಪೇಟೆ ಎಂದು ಕರೆಯುವುದಾದರೂ ಹೇಗೆ?

ಇನ್ನೂ ಒಂದು ವಿಷಯವಿದೆ. ಕೆಟ್ಟ ಊಟದ ಫಲ ಊಟದ ಮೇಜಿನ ಮೇಲೆ ಸಿಗುವುದಿಲ್ಲ. ಶಿಗೆಲ್ಲಾದಂಥ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೆ ಭೇದಿ, ಜ್ವರ ಶುರುವಾಗಲು ಒಂದೆರಡು ದಿನ ಬೇಕು. ಟೈಫಾಯ್ಡ್ ಆದರೆ ಒಂದರಿಂದ ಮೂರು ವಾರ. ಕಾಮಾಲೆ ತರುವ ಹೆಪಟೈಟಿಸ್ ಎ ಆದರೆ ಎರಡರಿಂದ ಏಳು ವಾರ. ಹಿರಿಯೂರಿನಲ್ಲಿ ಉಂಡವನು ಹುಬ್ಬಳ್ಳಿಯಲ್ಲಿ ಮಲಗುತ್ತಾನೆ. ಯಾವ ಹೋಟೆಲು, ಯಾವ ತಟ್ಟೆ, ಯಾವ ಲೋಟ ಎಂದು ಅವನಿಗೆ ಗೊತ್ತೇ ಆಗುವುದಿಲ್ಲ. ಮೊಬೈಲಿನಲ್ಲಿ ಸ್ಟಾರ್ ಕೊಡುವ ಗಿರಾಕಿ ರುಚಿಗೆ ಕೊಡುತ್ತಾನೆ, ಎಸಿಗೆ ಕೊಡುತ್ತಾನೆ, ಬ್ಯಾಕ್ಟೀರಿಯಾಕ್ಕೆ ಕೊಡಲು ಅವನ ಕಣ್ಣಿಗೆ ಅದು ಬಿದ್ದಿರುವುದಿಲ್ಲ. ಪೇಟೆಗೆ ಕಿವಿ ಇದೆ ನಿಜ, ಆದರೆ ಈ ದೂರು ಆ ಕಿವಿಯವರೆಗೆ ತಲಪುವುದೇ ಇಲ್ಲ.

ಅದಕ್ಕಿಂತ ದೊಡ್ಡ ಪಾಠ ಕೊಟ್ಟದ್ದು ಗೋಬಿ ಮಂಚೂರಿ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ರೋಡಮೈನ್-ಬಿ ಬಳಸಿದ ಬಾಂಬೆ ಮಿಠಾಯಿಯನ್ನೂ ರಾಜ್ಯದಲ್ಲಿ ನಿಷೇಧಿಸಿರುವುದಾಗಿ ಪ್ರಕಟಿಸಿದರು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಪಾಯಕಾರಿ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಕೆಟ್ಟಿದ್ದವು. ರೋಡಮೈನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ನ ಸರದಿ. 39 ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ವರದಿ ಬಂತು, ಕಬಾಬ್‌ಗೂ ಕೃತಕ ಬಣ್ಣ ನಿಷೇಧವಾಯಿತು.

ಇಲ್ಲಿ ಪೇಟೆ ಏನು ಮಾಡಿತ್ತು ಎಂದು ಯೋಚಿಸಿ. ಪೇಟೆ ಕೆಂಪು ಬಣ್ಣವನ್ನೇ ಕೇಳುತ್ತಿತ್ತು. ಬಣ್ಣ ಹಾಕದೆ, ಬ್ಯಾಡಗಿ ಮೆಣಸಿನ ಕೆಂಪನ್ನೇ ನಂಬಿ ಕಬಾಬ್ ಕರಿದವನ ಗಾಡಿಯ ಮುಂದೆ ಮಕ್ಕಳು ನಿಲ್ಲುತ್ತಿರಲಿಲ್ಲ. ‘ಏನ್ರೀ ಇದು, ಕಲರ್ರೇ ಇಲ್ಲ’ ಎಂದು ಪಕ್ಕದ ಗಾಡಿಗೆ ಹೋಗುತ್ತಿದ್ದರು. ಪ್ರಾಮಾಣಿಕನಿಗೆ ನಷ್ಟ, ಬಣ್ಣ ಹಾಕಿದವನಿಗೆ ಲಾಭ. ಹೀಗಿರುವಾಗ ಒಳ್ಳೆಯವನೂ ಎಷ್ಟು ದಿನ ತಡೆದಾನು? ನಿಷೇಧ ಬಂದ ಮೇಲೆ ಎಲ್ಲರೂ ಒಂದೇ ಗೆರೆಯ ಮೇಲೆ ನಿಲ್ಲಬೇಕಾಯಿತು. ನಿಯಮ ವ್ಯಾಪಾರಕ್ಕೆ ಶತ್ರು ಎಂದು ಹೇಳುವ ಹೋಟೆಲಿನವರಿಗೆ ನಾವು ಹೇಳುವುದು ಇದನ್ನೇ. ಸರಿಯಾಗಿ ಮಾಡುವ ವ್ಯಾಪಾರಿಗೆ ನಿಯಮ ಬೇಲಿ ಇದ್ದ ಹಾಗೆ. ಬೇಲಿ ಇಲ್ಲದ ತೋಟದಲ್ಲಿ ಮೊದಲು ಹಾಳಾಗುವುದು ಒಳ್ಳೆಯ ಬೆಳೆಯೇ.

ನಮ್ಮ ಮನೆಗಳಿಗೆ ಹತ್ತಿರದ ಇನ್ನೊಂದು ನೋವಿನ ಸಂಗತಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನದ್ದು. 2022ರ ಮೇ 1ರಂದು ಅಲ್ಲಿ ಶವರ್ಮಾ ತಿಂದ 16 ವರ್ಷದ ವಿದ್ಯಾರ್ಥಿನಿ ತೀರಿಕೊಂಡಳು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಕಂಡುಬಂತು. ಅದಾದ ಮೇಲೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕೇರಳ ಸರಕಾರ ಶವರ್ಮಾಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಪರವಾನಗಿ ಇಲ್ಲದೆ ಮಾರುವಂತಿಲ್ಲ, ಪಾರ್ಸೆಲ್ ಮೇಲೆ ದಿನ ಮತ್ತು ಸಮಯ ಬರೆದಿರಬೇಕು, ಒಂದು ಗಂಟೆಯೊಳಗೆ ತಿನ್ನಬೇಕೆಂದು ತಿಳಿಸಿರಬೇಕು. 2023ರ ಜನವರಿಯಲ್ಲಿ ಕೊಟ್ಟಾಯಂನ ನರ್ಸ್ ಒಬ್ಬರು ಹೋಟೆಲ್ ಊಟದ ನಂತರ ಅಸ್ವಸ್ಥರಾಗಿ ತೀರಿಕೊಂಡರು. ಆಮೇಲೆ ಹಸಿ ಮೊಟ್ಟೆಯ ಮಯೋನೈಸ್‌ಗೆ ನಿಷೇಧ ಬಂತು. ನೋಡಿ, ಪ್ರತಿಸಲವೂ ಒಂದು ಮಯ್ಯತ್ ಎದ್ದ ಮೇಲೆಯೇ ಒಂದು ನಿಯಮ. ಇದು ಪೇಟೆಯ ವೈಫಲ್ಯ ಎಷ್ಟೋ, ತಡವಾಗಿ ಎದ್ದ ಸರಕಾರದ ವೈಫಲ್ಯವೂ ಅಷ್ಟೇ.

ಹಾಗಾಗಿ ಸರಕಾರಕ್ಕೂ ನಾಲ್ಕು ಮಾತು ಹೇಳಲೇಬೇಕು. ಹೋಟೆಲಿಗೆ ಶುಚಿತ್ವದ ನೋಟಿಸ್ ಕೊಡುವ ಕೈ ಮೊದಲು ಶುದ್ಧ ನೀರು ಕೊಡಬೇಕು. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, ಹಲವರು ಪ್ರಾಣ ಕಳೆದುಕೊಂಡರು. ಅದು ಯಾವುದೋ ಹೋಟೆಲಿನ ಜಗ್ಗಿನಿಂದ ಬಂದ ನೀರಲ್ಲ, ಬಡವರ ಕೇರಿಯ ನಲ್ಲಿಯಿಂದ ಬಂದದ್ದು. ಜಿಲ್ಲೆಯ ಎಷ್ಟೋ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ ಬೇರೆ. ಅದೇ ನೀರಿನಲ್ಲಿ ಅಕ್ಕಿ ತೊಳೆಯಬೇಕು, ಸೊಪ್ಪು ತೊಳೆಯಬೇಕು, ಲೋಟ ಅದ್ದಬೇಕು. ಪೈಪು ಒಡೆದು ಚರಂಡಿ ಸೇರಿದರೆ ಮಾಲೀಕ ಎಷ್ಟು ಸೋಪು ಹಾಕಿ ಉಜ್ಜಿದರೆ ಏನು ಫಲ? ಪುರಸಭೆ, ನಗರಸಭೆಗಳು ಹೋಟೆಲ್ ಪರೀಕ್ಷೆಯ ದಿನವೇ ಆ ಬೀದಿಯ ನಲ್ಲಿ ನೀರನ್ನೂ ಪರೀಕ್ಷೆಗೆ ಕಳಿಸಲಿ, ಎರಡೂ ವರದಿಯನ್ನು ಒಟ್ಟಿಗೆ ಬೋರ್ಡಿಗೆ ಹಾಕಲಿ.

ಎರಡನೆಯದು ಅಧಿಕಾರಿಯ ನಡತೆ. ಕಾನೂನು ಎಂದರೆ ಕವರ್ ಎಂದು ತಿಳಿದಿರುವವರು ಎರಡೂ ಕಡೆ ಇದ್ದಾರೆ. ಕೊಡುವವನಿಲ್ಲದೆ ತೆಗೆದುಕೊಳ್ಳುವವನಿಲ್ಲ. ಲಂಚ ಕೊಟ್ಟವನೂ ತೆಗೆದುಕೊಂಡವನೂ ಒಂದೇ ಪಾಪದಲ್ಲಿ ಪಾಲುದಾರರು ಎಂದು ನಮ್ಮ ಉಸ್ತಾದರು ಹೇಳುತ್ತಲೇ ಬಂದಿದ್ದಾರೆ. ಆದರೆ ಚಿಕ್ಕ ಹೋಟೆಲಿನವರು ಕವರ್ ಕೊಡುವುದು ಹೆಚ್ಚಾಗಿ ಹೆದರಿಕೆಯಿಂದ. ಹೆದರಿಕೆ ಬರುವುದು ಕಾನೂನು ಗೊತ್ತಿಲ್ಲದ್ದರಿಂದ. ಅದಕ್ಕೇ ಕೆಲವು ಅಂಶಗಳನ್ನು ಇಲ್ಲಿ ಬರೆಯುತ್ತೇವೆ, ಕತ್ತರಿಸಿ ಗಲ್ಲಾದ ಹತ್ತಿರ ಅಂಟಿಸಿಕೊಂಡರೂ ಆದೀತು.

ನಮ್ಮ ದೇಶದಲ್ಲಿ ಈಗಿರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. 1954ರ ಕಲಬೆರಕೆ ತಡೆ ಕಾಯ್ದೆಯ ಬದಲಿಗೆ ಇದು 2011ರ ಆಗಸ್ಟ್ 5ರಿಂದ ಪೂರ್ಣವಾಗಿ ಜಾರಿಗೆ ಬಂತು. ಆಗ ಬಂದ ನಿಯಮಾವಳಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟು ಇರುವ ಚಿಕ್ಕ ವ್ಯಾಪಾರಿಗೆ ಲೈಸೆನ್ಸ್ ಬೇಡ, ಬರೀ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ ಎಂದು ಇಟ್ಟರು. ಒಂದು ಪ್ಲೇಟ್ ಬಿರಿಯಾನಿಯ ದುಡ್ಡು. ಇದನ್ನು ಉಳಿಸಲು ಹೋಗಿ ವರ್ಷವಿಡೀ ಹೆದರಿಕೊಂಡು ಕೂರುವುದು ಯಾಕೆ?

ತಪ್ಪು ಕಂಡ ಕೂಡಲೇ ಬೀಗ ಹಾಕಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಸೆಕ್ಷನ್ 32ರ ಪ್ರಕಾರ ಮೊದಲು ಸುಧಾರಣಾ ನೋಟಿಸ್ ಕೊಡಬೇಕು, ಏನು ತಪ್ಪು, ಏನು ಸರಿಪಡಿಸಬೇಕು, ಎಷ್ಟು ದಿನದೊಳಗೆ ಎಂದು ಅದರಲ್ಲಿ ಬರೆದಿರಬೇಕು. ಜನರ ಜೀವಕ್ಕೆ ತಕ್ಷಣದ ಅಪಾಯ ಇದ್ದರೆ ಮಾತ್ರ ತುರ್ತು ನಿಷೇಧದ ದಾರಿ. ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡಿ ಮುದ್ರೆ ಹಾಕಬೇಕು. ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶ ಇದೆ. ಸುಮ್ಮನೆ ಕಿರುಕುಳ ಕೊಡುವ ಅಧಿಕಾರಿಗೇ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಸೆಕ್ಷನ್ 39 ಇದೆ. ಗಿರಾಕಿಗೂ ಹಕ್ಕಿದೆ. ತಾನು ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು ಎನ್ನುತ್ತದೆ ಸೆಕ್ಷನ್ 40. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿವರೆಗೂ ಹೋಗಬಹುದಾದ ಶಿಕ್ಷೆ. ಕಾಯ್ದೆ ಚಿಕ್ಕದೇನಲ್ಲ. ಅದನ್ನು ಹಿಡಿದು ಬೀದಿಗೆ ಇಳಿಯುವ ಅಧಿಕಾರಿಗಳು ಸಾಲದು, ಇಳಿದರೂ ವರದಿ ಜನರಿಗೆ ಕಾಣುವುದಿಲ್ಲ ಎಂಬುದೇ ಕೊರತೆ.

ನಮ್ಮ ಸಮುದಾಯಕ್ಕೆ ಇದರಲ್ಲಿ ಇನ್ನೂ ಒಂದು ಕಾರಣ ಇದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಿಂದಿನ ಕೆಲವು ವರ್ಷಗಳಿಂದ ‘ಅವರ ಹೋಟೆಲಿನಲ್ಲಿ ಹಾಗೆ ಮಾಡ್ತಾರಂತೆ, ಹೀಗೆ ಮಾಡ್ತಾರಂತೆ’ ಎಂಬ ವಿಡಿಯೋಗಳು ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿವೆ. 2024ರ ಜುಲೈನಲ್ಲಿ ಉತ್ತರ ಪ್ರದೇಶ, ಉತ್ತರಾಖಂಡಗಳಲ್ಲಿ ಕಾವಡ್ ಯಾತ್ರೆಯ ದಾರಿಯ ಹೋಟೆಲುಗಳು ಮಾಲೀಕರ ಹೆಸರನ್ನು ಬೋರ್ಡಿಗೆ ಹಾಕಬೇಕೆಂಬ ಆದೇಶ ಬಂತು. ಜುಲೈ 22ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಯಾವ ಬಗೆಯ ಆಹಾರ ಮಾರುತ್ತಾರೆ ಎಂದು ತಿಳಿಸಿದರೆ ಸಾಕು, ಮಾಲೀಕರ, ಕೆಲಸಗಾರರ ಹೆಸರು ಹಾಕಿ ಎಂದು ಬಲವಂತ ಮಾಡುವಂತಿಲ್ಲ ಎಂಬುದು ಆ ಮಧ್ಯಂತರ ಆದೇಶದ ಸಾರ. ಹೆಸರಿನಿಂದ ಶುಚಿ ಅಳೆಯುವುದು ಸಾಧ್ಯವೇ? ಬ್ಯಾಕ್ಟೀರಿಯಾ ಬೋರ್ಡಿನ ಹೆಸರು ಓದಿ ಒಳಗೆ ಬರುವುದಿಲ್ಲ.

ಆದರೆ ಇಂಥ ಗಾಳಿಮಾತಿಗೆ ಜಗಳ ಉತ್ತರವಲ್ಲ, ಅಳುವುದೂ ಉತ್ತರವಲ್ಲ. ಉತ್ತರ ಅಂದರೆ ತೆರೆದ ಅಡುಗೆಮನೆ, ಮತ್ತು ಗೋಡೆಯ ಮೇಲಿನ ಒಂದು ಕಾಗದ. ಯಾವ ದಿನ ಪರೀಕ್ಷೆ ಆಯಿತು, ಯಾರು ಮಾಡಿದರು, ನೂರಕ್ಕೆ ಎಷ್ಟು ಅಂಕ ಬಂತು ಎಂಬ ಕಾಗದ. ಪರೀಕ್ಷೆ ಇಲ್ಲದ ಪೇಟೆಯಲ್ಲಿ ತೀರ್ಪು ಕೊಡುವುದು ಗಾಳಿಮಾತು. ಗಾಳಿಮಾತು ಅಡುಗೆಮನೆಯನ್ನು ನೋಡುವುದಿಲ್ಲ, ಮುಖ ನೋಡುತ್ತದೆ. ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ನಿಯಮ, ಎಲ್ಲರ ಬಾಗಿಲಿಗೂ ಒಂದೇ ರೀತಿ ಅಂಟಿಸುವ ಅಂಕಪಟ್ಟಿ ಇದ್ದರೆ ಅದು ಮೊದಲು ಕಾಪಾಡುವುದು ದುರ್ಬಲನನ್ನೇ. ಆದ್ದರಿಂದ ಕಟ್ಟುನಿಟ್ಟಿನ, ಪಕ್ಷಪಾತವಿಲ್ಲದ ಪರೀಕ್ಷೆ ಬೇಕೆಂದು ಮೊದಲು ಕೇಳಬೇಕಾದವರು ನಾವೇ.

ಅಂಕ ಬಾಗಿಲಿಗೆ ಹಾಕುವುದು ನಾವು ಕಂಡುಹಿಡಿದ ಯೋಚನೆ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್ ಜಿಲ್ಲಾಡಳಿತ 1998ರಲ್ಲಿ ಹೋಟೆಲುಗಳ ಕಿಟಕಿಗೆ ಎ, ಬಿ, ಸಿ ಕಾರ್ಡ್ ಹಾಕಿಸಲು ಶುರುಮಾಡಿತು. ಅದರ ನಂತರ ಆಹಾರದಿಂದ ಬರುವ ಕಾಯಿಲೆಗೆ ಆಸ್ಪತ್ರೆ ಸೇರುವವರು ಸುಮಾರು ಶೇ. 20ರಷ್ಟು ಕಡಿಮೆಯಾದರು ಎಂದು 2003ರ ಒಂದು ಅಧ್ಯಯನ ಹೇಳಿತು. 2019ರಲ್ಲಿ ಬೇರೆ ಸಂಶೋಧಕರು ಆ ಲೆಕ್ಕವನ್ನು ಮತ್ತೆ ತಿರುವಿ ನೋಡಿ, ಅಷ್ಟು ಶ್ರೇಯಸ್ಸು ಕಾರ್ಡಿಗೆ ಸಲ್ಲದು ಎಂದರು. ಹಾಗಾದರೆ ಕಾರ್ಡ್ ಒಂದೇ ಮಂತ್ರದಂಡವಲ್ಲ, ಹಿಂದೆ ಸರಿಯಾದ ಪರೀಕ್ಷೆ ಇದ್ದರೆ ಮಾತ್ರ ಕಾರ್ಡಿಗೆ ಬೆಲೆ. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಿಂದ ಸೊನ್ನೆಯಿಂದ ಐದರವರೆಗಿನ ಅಂಕವನ್ನು ಬಾಗಿಲಲ್ಲಿ ತೋರಿಸುವುದು ಕಡ್ಡಾಯ. ನಮ್ಮಲ್ಲೂ ಕೇಂದ್ರದ ಆಹಾರ ಪ್ರಾಧಿಕಾರದ್ದು ಹೋಟೆಲ್ ಶುಚಿತ್ವಕ್ಕೆ ರೇಟಿಂಗ್ ಕೊಡುವ ಯೋಜನೆ ಇದೆ, ಆದರೆ ಅದು ಇಷ್ಟವಿದ್ದವರಿಗೆ ಮಾತ್ರ. ಚೆನ್ನಾಗಿರುವವರು ಕೇಳಿ ಹಾಕಿಸಿಕೊಳ್ಳುತ್ತಾರೆ, ಚೆನ್ನಾಗಿಲ್ಲದವರು ಸುಮ್ಮನಿರುತ್ತಾರೆ.

ಈ ದಾರಿಯಲ್ಲಿ ಸರಕಾರ, ಪೇಟೆ ಎರಡಕ್ಕೂ ಕೆಲಸ ಇದೆ. ಸರಕಾರ ರಾಶಿಯೊಳಗೆ ಕೈ ಹಾಕಿ ಒದ್ದೆಯನ್ನು ಮೇಲಕ್ಕೆ ತರುತ್ತದೆ. ಕಂಡ ಮೇಲೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಗಿರಾಕಿ. ಹಿರಿಯೂರಿನ ಹೆದ್ದಾರಿ ಬದಿಯ ಹೋಟೆಲಿನ ಬಾಗಿಲಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಅಂಕ ಕಂಡರೆ, ಬಸ್ಸಿನಲ್ಲಿ ಕೂತವರೇ ‘ಇಲ್ಲಿ ಬೇಡ, ಮುಂದೆ ನಿಲ್ಸಿ’ ಅನ್ನಬಹುದು. ಜಿಲ್ಲಾಡಳಿತ ಮನಸ್ಸು ಮಾಡಿದರೆ ಮೊದಲು ಬಸ್ಸು ನಿಲ್ಲುವ ಹೆದ್ದಾರಿ ಹೋಟೆಲುಗಳಿಂದಲೇ ಇದನ್ನು ಶುರುಮಾಡಬಹುದು. ಅಲ್ಲೇ ಪೇಟೆಯ ಕೈ ಎಲ್ಲಕ್ಕಿಂತ ಸೋತಿರುವುದು.

ಸರಕಾರ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಬಿಸಿ ಊಟ 60 ಡಿಗ್ರಿಗಿಂತ ಮೇಲೆ, ತಣ್ಣಗಿಡಬೇಕಾದದ್ದು 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವೆ ಇರುವುದೆಲ್ಲ ಬ್ಯಾಕ್ಟೀರಿಯಾದ ಹಬ್ಬ. ಬೆಂದ ಅನ್ನ ಬೆಳಗಿನಿಂದ ಸಂಜೆವರೆಗೆ ಹೊರಗೆ ಇದ್ದರೆ ಅದರಲ್ಲಿ ಹುಟ್ಟುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಮಧ್ಯಾಹ್ನದ ಬಿರಿಯಾನಿಯನ್ನು ರಾತ್ರಿಗೆ ಎಳೆಯಬೇಡಿ. ಹಸಿ ಮಾಂಸದ ಹಲಗೆ ಬೇರೆ, ಈರುಳ್ಳಿ ಸೌತೆಕಾಯಿಯ ಹಲಗೆ ಬೇರೆ ಇರಲಿ. ಕರಿದ ಎಣ್ಣೆ ಕಪ್ಪಾಗಿ, ನೊರೆ ಬಂದು, ಹೊಗೆ ಏಳುವವರೆಗೆ ಕಾಯಬೇಡಿ. ಅಡುಗೆಯವರಿಗೂ ಸಪ್ಲೈಯರ್ ಹುಡುಗರಿಗೂ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸುವುದು ನಿಯಮದಲ್ಲೇ ಇದೆ. ಭೇದಿ ಆದ ಹುಡುಗನಿಗೆ ಸಂಬಳ ಹಿಡಿಯದೆ ರಜೆ ಕೊಡಿ. ಸಂಬಳ ಹಿಡಿದರೆ ಅವನು ಕಾಯಿಲೆ ಮುಚ್ಚಿಟ್ಟು ಅದೇ ಕೈಯಲ್ಲಿ ಪರೋಟ ತಟ್ಟುತ್ತಾನೆ. ಬಜ್ಜಿ, ಬೋಂಡಾವನ್ನು ಪತ್ರಿಕೆಯಲ್ಲಿ ಕಟ್ಟಿ ಕೊಡಬೇಡಿ, ಶಾಯಿ ಎಣ್ಣೆಗೆ ಇಳಿಯುತ್ತದೆ. ಪತ್ರಿಕೆಯಲ್ಲಿ ಬರೆಯುವ ನಾವೇ ಹೇಳುತ್ತಿದ್ದೇವೆ, ಇದು ಓದಲಿಕ್ಕೆ ಇರುವುದು.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಹೋಟೆಲಿನವರಿಗೆ ಉಪದೇಶ ಮಾಡಿ ನಮ್ಮ ಸಾಮೂಹಿಕ ಅಡುಗೆಯನ್ನು ಮರೆಯುವಂತಿಲ್ಲ. ನಿಕಾಹ್, ನೇರ್ಚೆ, ಇಫ್ತಾರ್ ಎಂದು ಎಷ್ಟು ಸಲ ನೂರಾರು ಜನರಿಗೆ ಬಡಿಸುತ್ತೇವೆ! ಧಾರ್ಮಿಕ, ಸಾಮಾಜಿಕ ಕೂಟಗಳಲ್ಲಿ ಆಹಾರ ಹಂಚುವವರನ್ನೂ 2011ರ ನಿಯಮಾವಳಿ ನೋಂದಣಿಯ ವ್ಯಾಪ್ತಿಗೆ ಸೇರಿಸಿದೆ. ಮಸೀದಿಯ ಹಿಂದಿನ ಅಡುಗೆ ಶೆಡ್ಡಿಗೂ ಮದ್ರಸದ ಮಕ್ಕಳ ಊಟದ ಕೋಣೆಗೂ ಇದೇ ಶುಚಿಯ ಲೆಕ್ಕ ಅನ್ವಯಿಸಲಿ. ನೀರಿನ ಟ್ಯಾಂಕ್ ಯಾವಾಗ ತೊಳೆದದ್ದು ಎಂದು ಟ್ಯಾಂಕ್ ಮೇಲೆಯೇ ತಾರೀಕು ಬರೆಯಿರಿ. ಅಡುಗೆಯವರಿಗೆ ಒಂದು ದಿನದ ತರಬೇತಿ ಕೊಡಿಸಿ. ಕಮಿಟಿಯ ವಿದ್ಯಾವಂತ ಯುವಕರು ಊರಿನ ಚಿಕ್ಕ ಹೋಟೆಲಿನವರ ಜೊತೆ ಕೂತು ಆನ್‌ಲೈನ್ ನೋಂದಣಿ ಮಾಡಿಕೊಡಲಿ. ಹೆಸರು ಕೇಳಿ ಮಾಡಬೇಡಿ, ಪಕ್ಕದ ಇಡ್ಲಿ ಅಂಗಡಿಯ ಅಜ್ಜಿಗೂ ಮಾಡಿಕೊಡಿ. ಅವರ ಅಂಗಡಿ ಶುಚಿಯಾದರೆ ಅಲ್ಲಿ ತಿನ್ನುವ ನಮ್ಮ ಮಕ್ಕಳಿಗೂ ಒಳ್ಳೆಯದು.

ಮನೆಯಲ್ಲಿರುವ ತಾಯಂದಿರು, ಸಹೋದರಿಯರು ಕೂಡ ಈ ಪೇಟೆಯ ಗಿರಾಕಿಗಳೇ. ರಾತ್ರಿ ಪಾರ್ಸೆಲ್ ತರುವಾಗ ನೋಂದಣಿ ಸಂಖ್ಯೆ ಎಲ್ಲಿದೆ ಎಂದು ಕೇಳಿ. ಕೆಂಪು ಕಬಾಬೇ ಬೇಕೆಂದು ಮಕ್ಕಳು ಹಠ ಮಾಡಿದರೆ ಕೆಂಪಿನ ಕಥೆ ಹೇಳಿ. ನಾವು ಕೇಳುವುದನ್ನೇ ಪೇಟೆ ಕೊಡುತ್ತದೆ. ಬಣ್ಣ ಕೇಳಿದರೆ ಬಣ್ಣ, ಶುಚಿ ಕೇಳಿದರೆ ಶುಚಿ.

ವ್ಯಾಪಾರ ಬ್ಯಾರಿಗಳ ಹೆಸರಿನಲ್ಲೇ ಇದೆ ಎನ್ನುತ್ತಾರೆ. ‘ಬ್ಯಾರ’ ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬುದು ಬಹುಜನ ಒಪ್ಪಿದ ಮಾತು. ಘಟ್ಟ ಹತ್ತಿ ಬಂದು ಇಲ್ಲಿ ಸೌದೆ ಒಲೆಯ ಮುಂದೆ ಬೆವರು ಸುರಿಸಿದವರು ಊರಿನ ಜನರ ನಂಬಿಕೆ ಗಳಿಸಿದ್ದು ತಟ್ಟೆಯ ಮೂಲಕ. ಆ ನಂಬಿಕೆ ಉಳಿಯಬೇಕಾದರೆ ಅಧಿಕಾರಿ ಬಂದಾಗ ಹಿಂದಿನ ಬಾಗಿಲು ಮುಚ್ಚುವ ಅಭ್ಯಾಸ ಹೋಗಬೇಕು. ಬರಲಿ, ನೋಡಲಿ, ಬರೆದುಕೊಳ್ಳಲಿ. ಬರೆದದ್ದನ್ನು ಬಾಗಿಲಿಗೆ ಹಾಕಲಿ. ಅದೇ ಅಧಿಕಾರಿ ಪಕ್ಕದ ಹೋಟೆಲಿಗೂ, ಎದುರಿನ ದೊಡ್ಡ ಹೋಟೆಲಿಗೂ, ಬೀದಿಯ ನಲ್ಲಿಗೂ ಅಷ್ಟೇ ಕಟ್ಟುನಿಟ್ಟಾಗಿ ಹೋಗಲಿ. ನಾವು ಕೇಳುವ ರಿಯಾಯಿತಿ ಬೇರೇನೂ ಇಲ್ಲ, ಎಲ್ಲರಿಗೂ ಒಂದೇ ಅಳತೆ ಇರಲಿ ಎಂಬುದಷ್ಟೇ.